ಅಂಗೈಯಗಲ ಒಣ ಜಾಗ

ಅಪ್ಪನ ಕುತ್ತಿಗೆಯಲ್ಲಿದ್ದ ತೂತನ್ನು ಮುಚ್ಚುವುದಕ್ಕೆ ನನ್ನ ಬಲ ಅಂಗೈ ಸರಿಯಾಗಿ ಹೊಂದುತ್ತಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಅವನ ತಲೆ ತೊಳೆಯುವಾಗ ನನ್ನ ಎಡಗೈಯಲ್ಲಿ ನೀರಿನ ಮಗ್ಗು, ಬಲಗೈ ಆ ತೂತಿನ ಮೇಲೆ. ಗಂಟಲಿನ ಆಪರೇಷನ್ ಆದಮೇಲೆ ಅವನು ಉಸಿರಾಡುತ್ತಿದ್ದುದು ಅದರಿಂದಲೇ. ಮೂಗು, ಬಾಯಿಗೂ ಶ್ವಾಸಕೋಶಕ್ಕೂ ಇದ್ದ ದಾರಿಯನ್ನೇ ಡಾಕ್ಟರು ಮುಚ್ಚಿಬಿಟ್ಟಿದ್ದರು. ಒರಾದ್ಯಾ ಪಟ್ಟಣದ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, "ಹೊಳೆ, ಕೆರೆ ಹತ್ರ ಬಿಡ್ಬೇಡಿ. ಒಂದು ಲೋಟ ನೀರು ಒಳಗೆ ಹೋದ್ರೂ ಸಾಕು" ಎಂದಿದ್ದಳು. ನಾನು ಏಳು ಎಣಿಸುವಷ್ಟು ಹೊತ್ತು ಮುಚ್ಚುತ್ತಿದ್ದೆ, ಆಮೇಲೆ ಕೈ ತೆಗೆಯುತ್ತಿದ್ದೆ. ಅಂಗೈಗೆ ಬೆಚ್ಚಗಿನ ಗಾಳಿ ತಗಲುತ್ತಿತ್ತು.

ಏಪ್ರಿಲ್‌ನ ಒಂದು ಶನಿವಾರ ತಲೆ ಒರೆಸಿಕೊಂಡು ಕುಳಿತವನು ಪುಸ್ತಕ ತೆಗೆದ. ಅಪ್ಪ ಒಲೆ ಕಟ್ಟುವವನು. ಚಳಿಗಾಲ ಕಳೆಯಲು ಮನೆಮನೆಯಲ್ಲೂ ಇರುವ, ಹೊಳಪಿನ ಬಿಲ್ಲೆ ಹೊದಿಸಿದ ಆಳೆತ್ತರದ ಒಲೆಗಳು. ಅವುಗಳ ಅಳತೆ ಗೀಚಿಕೊಳ್ಳುತ್ತಿದ್ದ ಜೇಬಿನ ಪುಸ್ತಕವೇ ಈಗ ಅವನ ಬಾಯಿಯಾಗಿತ್ತು. ಚಪ್ಪಟೆ ಪೆನ್ಸಿಲ್ಲಿನಲ್ಲಿ ಬರೆದ:

"ಈ ವರ್ಷ ನಾನೂ ಹೊಳೆಗೆ ಇಳೀತೀನಿ."

ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನ ವರ್ಷಕ್ಕೊಮ್ಮೆ, ಜುಲೈ ತಿಂಗಳ ಮೊದಲ ಭಾನುವಾರ, ಸೇತುವೆಯ ಕೆಳಗೆ ಕ್ರಿಶ್ ಹೊಳೆಯಲ್ಲಿ. ಕೂಸುಗಳಿಗೆ ಕೊಡುವುದಿಲ್ಲ. ನಂಬಿದವನು ಎಲ್ಲರೆದುರು ನಿಂತು ತನ್ನ ಬಾಯಿಂದಲೇ 'ನಂಬುತ್ತೇನೆ' ಎನ್ನಬೇಕು, ಆಮೇಲೆ ಇಡಿಯಾಗಿ ಮುಳುಗಿ ಏಳಬೇಕು. ಅಮ್ಮ ಹತ್ತೊಂಬತ್ತಕ್ಕೇ ಇಳಿದಿದ್ದಳು. ಅಪ್ಪ ಊರಿನ ಹೆಚ್ಚಿನವರಂತೆ ದೊಡ್ಡ ಚರ್ಚಿನವನು, ಅಲ್ಲಿ ಕೂಸಿದ್ದಾಗಲೇ ಮುಳುಗಿಸುತ್ತಾರೆ. ಇಪ್ಪತ್ತಾರು ವರ್ಷ ಪ್ರತಿ ಭಾನುವಾರ ಅಮ್ಮನನ್ನು ಪ್ರಾರ್ಥನಾ ಮಂದಿರದ ಬಾಗಿಲವರೆಗೂ ಬಿಟ್ಟು, ಕೊನೆಯ ಹಾಡು ಮುಗಿಯುವವರೆಗೂ ಹೊರಗೆ ಬೇಲಿಗೊರಗಿ ಸಿಗರೇಟು ಸೇದುತ್ತ ನಿಂತಿದ್ದವನು. ಅವನು ನಿಲ್ಲುತ್ತಿದ್ದ ಕಡೆ ಹುಲ್ಲು ಬೆಳೆಯುತ್ತಿರಲಿಲ್ಲ. ಅಮ್ಮ ಸತ್ತು ಮೂರು ವರ್ಷ. ಮಂದಿರದ ಹಿಂದೆ ವಿಶ್ವಾಸಿಗಳ ಸಾಲಿನಲ್ಲಿ ಮಲಗಿದ್ದಾಳೆ. ಪಕ್ಕದ ಜಾಗ ಖಾಲಿ ಇತ್ತು, ಆದರೆ ದೀಕ್ಷಾಸ್ನಾನವಾಗದವರಿಗೆ ಆ ಸಾಲಿನಲ್ಲಿ ಜಾಗ ಕೊಡುವುದಿಲ್ಲ.

ನನಗೂ ಕೊಡುವುದಿಲ್ಲ. ಹದಿನಾರನೇ ವಯಸ್ಸಿನಲ್ಲಿ ನನ್ನ ಓರಗೆಯ ಹುಡುಗಿಯರೆಲ್ಲ ಬಿಳಿ ನಿಲುವಂಗಿ ಹೊಲಿಸಿಕೊಂಡಾಗ ನಾನು ಹಿಂದೆ ಸರಿದಿದ್ದೆ. ಅಷ್ಟು ಜನರೆದುರು ಎದ್ದು ನಿಂತು ಆ ಮಾತು ಹೇಳುವುದನ್ನು ನೆನೆದರೆ ನಾಲಿಗೆ ಒಣಗುತ್ತಿತ್ತು. ಒಣಗಿದ್ದು ನಾಲಿಗೆಯೋ ನಂಬಿಕೆಯೋ ಎಂದು ಡೈರಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇತ್ಯರ್ಥವಾಗಿಲ್ಲ. ಆಮೇಲೆ ಓದಿಗೆಂದು ಕ್ಲೂಜ್ ನಗರಕ್ಕೆ ಹೋದೆ, ಡಿಗ್ರಿ ಮುಗಿಸಿಕೊಂಡು ಅಪ್ಪನ ಕಾಯಿಲೆಗೆ ಊರಿಗೆ ಮರಳಿದೆ.

"ಅಮ್ಮನ ಪಕ್ಕದ ಜಾಗಕ್ಕಾ ಅಪ್ಪಾ?" ಎಂದು ಕೇಳಿದೆ.

"ಅದಕ್ಕೂ" ಎಂದು ಬರೆದ. ಅದರ ಕೆಳಗೆ ಇನ್ನೊಂದು ಸಾಲು: "ಅದಕ್ಕೇ ಅಲ್ಲ. ಆಪರೇಷನ್ ದಿನ ಕರೆದೆ. ಬಂದ."

ಯಾರು ಬಂದದ್ದೆಂದು ಕೇಳಲಿಲ್ಲ. ದೇವರೆಂದು ಅವನ ಮುಖ ನೋಡಿ ಗೊತ್ತಾಯಿತು, ಸಣ್ಣ ಹೊಟ್ಟೆಕಿಚ್ಚೂ ಆಯಿತು.

ಸುದ್ದಿ ಅಂಗಳ ದಾಟಿ ಫ್ಲೋರೆ ಅತ್ತೆಯ ಕಿವಿಗೆ ಬೀಳುವುದಕ್ಕೆ ಅರ್ಧ ದಿನವೂ ಹಿಡಿಯಲಿಲ್ಲ. ಅಪ್ಪನ ಅಕ್ಕ, ಎದುರು ಮನೆ, ಮನೆ ತುಂಬ ದೊಡ್ಡ ಚರ್ಚಿನ ಸಂತರ ಪಟಗಳು. ಎಲೆಕೋಸಿನ ಕಡುಬಿನ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ ಕುಳಿತಳು.

"ನಿಂಗೆ ಸ್ನಾನ ಯಾವತ್ತೋ ಆಗಿದೆ ಕಣೋ. ಆಗ ನಂಗೆ ಒಂಬತ್ತು ವರ್ಷ, ನಾನೇ ಎತ್ಕೊಂಡಿದ್ದೆ. ಪಾದ್ರಿ ಮೂರು ಸಲ ಮುಳುಗಿಸ್ದ. ಮೂರನೇ ಸಲಕ್ಕೆ ನೀನು ಅವನ ಗಡ್ಡ ಹಿಡ್ಕೊಂಡೆ ನೋಡು, ಬಿಡ್ಸಕ್ಕೆ ಇಬ್ಬರು ಬೇಕಾಯ್ತು."

ಅಪ್ಪ ಬರೆದದ್ದನ್ನು ನಾನು ಓದಿದೆ. "ಆಗ ನಾನು ನಂಬಿರಲಿಲ್ಲ, ಅಂತ."

"ನಲವತ್ತು ದಿನದ ಮಗು ಏನು ನಂಬುತ್ತೆ? ಹಾಲು ನಂಬುತ್ತೆ. ನಿನ್ನ ಪರವಾಗಿ ನಾವು ನಂಬಿದ್ವಿ, ಅಷ್ಟು ಸಾಲ್ದಾ?"

ಅಪ್ಪ ನಕ್ಕ. ಅವನ ನಗುವಿಗೆ ಸದ್ದಿರಲಿಲ್ಲ. ತೂತಿನ ಮೇಲಿನ ತೆಳು ಬಟ್ಟೆ ಉಬ್ಬಿ ಇಳಿಯುತ್ತಿತ್ತು ಅಷ್ಟೇ. ಅತ್ತೆ ಅದನ್ನು ನೋಡಲಾರದೆ ಮುಖ ತಿರುಗಿಸಿದಳು.

"ಗಂಟಲಲ್ಲಿ ಕಿಟಕಿ ಇಟ್ಕೊಂಡು ಹೊಳೆಗಿಳೀತಾನಂತೆ. ಏ ಹುಡುಗಿ, ನೀನಾದ್ರೂ ಬುದ್ಧಿ ಹೇಳು. ಓದಿದೋಳಲ್ವಾ? ಈ ಪಶ್ಚಾತ್ತಾಪಿಗಳಿಗೆ ಏನು, ಒಬ್ಬ ಸಿಕ್ಕಿದ್ರೆ ಹಬ್ಬ."

ಪಶ್ಚಾತ್ತಾಪಿಗಳು ಎಂದರೆ ನಾವು. ಊರಿನವರು ಸಭೆಯವರಿಗೆ ಇಟ್ಟ ಹೆಸರು.

ಮೇ ತಿಂಗಳಲ್ಲಿ ಪಾಸ್ಟರ್ ತಿಯೋಫಿಲ್ ಮನೆಗೆ ಬಂದರು, ಜೊತೆಗೆ ಸಭೆಯ ಹಿರಿಯ ಫಿಲಿಮೋನ್. ಪಾಸ್ಟರಿಗೆ ನಲವತ್ತರ ಒಳಗೆ ವಯಸ್ಸು, ಮೆತ್ತನೆಯ ಮಾತು. ಫಿಲಿಮೋನ್ ಎಂಬತ್ತು ದಾಟಿದವರು, ಎಡಗಾಲಿನಲ್ಲಿ ಎರಡು ಬೆರಳಿಲ್ಲ. ಹಿಂದೆ ಸರ್ಕಾರ ನಮ್ಮವರ ಬೆನ್ನು ಹತ್ತಿದ್ದ ಕಾಲದಲ್ಲಿ, ಯಾರ ಕಣ್ಣಿಗೂ ಬೀಳಬಾರದೆಂದು ಡಿಸೆಂಬರಿನಲ್ಲಿ ಮಂಜುಗಡ್ಡೆ ಒಡೆದು ಹೊಳೆಗಿಳಿದಿದ್ದರು. ಪೊಲೀಸರು ಬಂದು ದಡದಲ್ಲಿದ್ದ ಬಟ್ಟೆಗಳನ್ನೆಲ್ಲ ಹೊತ್ತೊಯ್ದರು. ಒದ್ದೆ ನಿಲುವಂಗಿಯಲ್ಲಿ ಬರಿಗಾಲಲ್ಲಿ ಮನೆಗೆ ನಡೆದ ದಿನ ಆ ಬೆರಳುಗಳು ಹಿಮಕ್ಕೆ ಸತ್ತು ಹೋದವು.

"ಗವ್ರಿಲ್ ಅಣ್ಣ, ಸೊಂಟದ ಮಟ್ಟ ನೀರಲ್ಲಿ ನಿಂತ್ಕೊಳ್ಳಿ ಸಾಕು," ಎಂದರು ಪಾಸ್ಟರ್ ಅಪ್ಪನಿಗೆ. "ತಲೆ ಮೇಲೆ ಮೂರು ಬೊಗಸೆ ಹಾಕ್ತೀನಿ."

"ಬೊಗಸೆ ಅಂತ ಎಲ್ಲಿ ಬರೆದಿದೆ?" ಎಂದರು ಫಿಲಿಮೋನ್.

"ಯೇಸುವಿನ ಪಕ್ಕದ ಶಿಲುಬೆ ಮೇಲಿದ್ದ ಕಳ್ಳನಿಗೆ ಬೊಗಸೆನೂ ಇರ್ಲಿಲ್ಲ, ಅಜ್ಜ. ನಂಬಿದ, ಅಷ್ಟೇ. ಅವನಿಗೆ ಸ್ವರ್ಗದ ಬಾಗಿಲು ತೆಗೀಲಿಲ್ವಾ?"

ಅಪ್ಪ ಬೇಗ ಬೇಗ ಬರೆದು ಪುಸ್ತಕವನ್ನು ತಳ್ಳಿದ. ಪಾಸ್ಟರೇ ಓದಿದರು: "ಅವನಿಗೆ ಸಮಯ ಇರಲಿಲ್ಲ. ನನಗಿದೆ."

ಫಿಲಿಮೋನ್ ತೊಡೆ ತಟ್ಟಿ ನಕ್ಕರು. "ನೋಡಿ, ಗಂಟಲಿಲ್ದೋನೇ ಸರಿಯಾಗಿ ಮಾತಾಡ್ತಾನೆ. ಪಾಸ್ಟರೇ, ನೀರಿಂದ ರಕ್ಷಣೆ ಬರುತ್ತೆ ಅಂತ ನಾನೂ ಹೇಳ್ತಿಲ್ಲ. ನಂಬಿಕೆಯಿಂದಲೇ. ಆದ್ರೆ ನಂಬಿದೋನು ಯೇಸು ಹೇಳಿದ ಮಾತು ಕೇಳ್ಬೇಕಲ್ಲ, ಅರ್ಧಂಬರ್ಧ ಕೇಳೋದೇನು? ಊರೋರು ನಮ್ಮನ್ನ ನೋಡಿ ನಕ್ಕಿದ್ದು ಅದಕ್ಕೆ, ಹೊಡೆದದ್ದೂ ಅದಕ್ಕೇ. ಈಗ ಬೊಗಸೆ ಸಾಕು ಅಂದ್ರೆ ನನ್ನ ಬೆರಳು ಯಾಕೆ ಹೋದ್ವು, ಹೇಳಿ?"

ಆಗ ಅಪ್ಪ ನನ್ನ ಬಲಗೈ ಹಿಡಿದೆಳೆದು ತನ್ನ ಕುತ್ತಿಗೆಯ ಮೇಲೆ ಇಟ್ಟುಕೊಂಡ. ಏಳು ಬೆರಳು ತೋರಿಸಿದ. ಅವರಿಬ್ಬರೂ ನನ್ನನ್ನೇ ನೋಡಿದರು.

"ತಬಿತಾ, ನೀನು ನೀರಿಗಿಳೀತೀಯಾ?" ಪಾಸ್ಟರ್ ಕೇಳಿದರು. "ಮುಳುಗಿಸಿ ಎತ್ತೋಕೆ ನಂಗೆ ಮೂರೇ ಎಣಿಕೆ ಸಾಕು."

"ಇಳೀತೀನಿ" ಎಂದೆ. ಬೇರೆ ಏನು ಹೇಳಲಿ?

ಹೊರಡುವಾಗ ಫಿಲಿಮೋನ್ ಬಾಗಿಲಲ್ಲಿ ನಿಂತು ಟೋಪಿ ಹಾಕಿಕೊಳ್ಳುತ್ತ, "ಆದ್ರೂ ಅಷ್ಟು ಜಾಗ ಒಣಗೇ ಉಳಿಯುತ್ತಲ್ಲ ಗವ್ರಿಲ್. ಅಂಗೈಯಗಲ" ಎಂದರು. ಅದರಲ್ಲಿ ಕುಹಕವಿರಲಿಲ್ಲ. ಆ ಮಾತು ಅಂದ ಮೇಲೆ ಅವರು ಮರೆತೇ ಬಿಟ್ಟಿರಬೇಕು. ಅಪ್ಪ ಮರೆಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನನ್ನನ್ನು ಹಿತ್ತಿಲ ಕೊಟ್ಟಿಗೆಗೆ ಕರೆದ. ಅವನ ಸಾಮಾನೆಲ್ಲ ಅಲ್ಲೇ. ಬಕೆಟ್ಟಿನ ನೀರಿಗೆ ಒಂದು ಇಟ್ಟಿಗೆ ಬಿಟ್ಟ. ಗುಳ್ಳೆ ಏಳತೊಡಗಿತು. ಚಿಕ್ಕವಳಿದ್ದಾಗ ಈ ಗುಳ್ಳೆ ನೋಡುವುದೇ ನನ್ನ ಕೆಲಸವಾಗಿತ್ತು. ಗುಳ್ಳೆ ನಿಂತ ಮೇಲೆ "ಅಪ್ಪಾ, ಕುಡೀತು" ಎಂದು ಕೂಗಬೇಕು, ಆಗ ಅವನು ಇಟ್ಟಿಗೆಯನ್ನು ಎತ್ತಿ ಗಾರೆಗೆ ಕೂರಿಸುತ್ತಿದ್ದ. ಸರಿಯಾಗಿ ನೆನೆಯದ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಡುತ್ತದೆ, ಮೊದಲ ಚಳಿಗಾಲದ ಬೆಂಕಿಗೇ ಬಿಟ್ಟುಕೊಳ್ಳುತ್ತದೆ. ಈ ಸಲ ಗುಳ್ಳೆ ನಿಲ್ಲುವ ಮೊದಲೇ ಎತ್ತಿ ಸುತ್ತಿಗೆಯಿಂದ ಒಡೆದ. ಸುತ್ತಲೂ ಗಾಢ ಕೆಂಪು, ಒದ್ದೆ. ನಡುವೆ ಪೇಲವವಾದ ಒಣ ಕಲೆ. ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ.

"ಇಟ್ಟಿಗೆ ಬೇರೆ, ಮನುಷ್ಯ ಬೇರೆ ಅಪ್ಪಾ" ಎಂದೆ.

ಅವನು ನನ್ನ ತಲೆ ನೇವರಿಸಿ ಚೂರುಗಳನ್ನು ಗುಡಿಸಿದ. ಆ ದಿನದ ಡೈರಿಯಲ್ಲಿ ಇಟ್ಟಿಗೆಯ ವಿಷಯ ಇದೆ. 'ಅಪ್ಪನಿಗೆ ಹಳೆಯ ಕೆಲಸದ ನೆನಪು' ಎಂದು ಬರೆದಿದ್ದೇನೆ, ಅಷ್ಟೇ ತಿಳಿದಿತ್ತು ನನಗೆ.

ಜೂನ್ ಕೊನೆಯ ಭಾನುವಾರ, ಹೊಳೆಗಿಳಿಯುವವರ ನಂಬಿಕೆಯ ಪರೀಕ್ಷೆ, ಮಂದಿರದಲ್ಲಿ. ಆ ವರ್ಷ ನಾಲ್ವರು. ಮೂವರು ಹದಿಹರೆಯದವರು, ಆಮೇಲೆ ಅಪ್ಪ. ಒಬ್ಬೊಬ್ಬರನ್ನೂ ಮುಂದೆ ನಿಲ್ಲಿಸಿ ಕೇಳಿದರು. ಅಪ್ಪನ ಸರದಿ ಬಂದಾಗ ನಾನೂ ಎದ್ದು ಅವನ ಪಕ್ಕ ನಿಲ್ಲಬೇಕಾಯಿತು. ನಲವತ್ತು ಐವತ್ತು ಮುಖಗಳು. ಹೆಂಗಸರ ಕಡೆ ಬೀಸಣಿಗೆ ಆಡುವುದೂ ನಿಂತಿತು.

"ಯೇಸು ದೇವರ ಮಗ, ನಿನ್ನ ಪಾಪಕ್ಕಾಗಿ ಸತ್ತ, ಎದ್ದ ಅಂತ ನಂಬ್ತೀಯಾ?" ಪಾಸ್ಟರ್ ಕೇಳಿದರು.

ಅಪ್ಪ ಬರೆದು ತೋರಿಸಿದ. ನಾನು, "ನಂಬ್ತಾರಂತೆ" ಎಂದೆ.

"ಅದು ಬೇರೆಯೋರ ಬಗ್ಗೆ ಸಾಕ್ಷಿ ಹೇಳಿದ ಹಾಗಾಯ್ತು," ಹಿಂದಿನಿಂದ ಫಿಲಿಮೋನ್ ಮೆಲ್ಲಗೆ ಅಂದರು. "ಅವನು ಬರೆದ ಹಾಗೇ ಓದು ಮಗಳೇ. ಗಟ್ಟಿಯಾಗಿ ಓದು, ನಂಗೆ ಕಿವಿ ಮಂದ."

ಅಪ್ಪ ಆ ಪದದ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ. ಹದಿನಾರರಲ್ಲಿ ನುಂಗಿದ ಮಾತು ಅದು. ಈಗ ಇನ್ನೊಬ್ಬರದಾಗಿ ಬಂದು ನಾಲಿಗೆಯ ಮೇಲೆ ಕುಳಿತಿತ್ತು.

"ನಂಬುತ್ತೇನೆ" ಎಂದೆ.

ಎಲ್ಲರೂ "ಆಮೆನ್" ಎಂದರು. ಅಪ್ಪನ ಕಣ್ಣಲ್ಲಿ ನೀರು. ನನಗೆ ಕಳ್ಳತನ ಮಾಡಿದಂತೆ ಅನ್ನಿಸಿತು. ಯಾರದ್ದನ್ನು ಕದ್ದೆ ಎಂದು ಮಾತ್ರ ತಿಳಿಯಲಿಲ್ಲ.

ಸ್ನಾನದ ದಿನ ಮೋಡ ಕವಿದಿತ್ತು. ಸೇತುವೆಯ ಮೇಲೆ ಊರಿನ ಅರ್ಧ ಜನ ಎಂದಿನಂತೆ ತಮಾಷೆ ನೋಡಲು ಕಂಬಿಗೊರಗಿ ನಿಂತಿದ್ದರು. "ಸೋಪು ತಂದಿದೀರಾ?" ಎಂದು ಒಬ್ಬ ಕೂಗಿದ. ಅತ್ತೆ ಅವನನ್ನು ಬೈಯುತ್ತ, ದೊಡ್ಡ ಟವೆಲ್ಲನ್ನು ಎದೆಗವಚಿಕೊಂಡು ದಡಕ್ಕೆ ಇಳಿದು ಬಂದಳು. ಪಶ್ಚಾತ್ತಾಪಿಗಳ ಸ್ನಾನಕ್ಕೆ ಅಷ್ಟು ಹತ್ತಿರ ಅವಳು ಬಂದದ್ದು ಅದೇ ಮೊದಲು.

ಅಪ್ಪ ಬಿಳಿ ನಿಲುವಂಗಿಯಲ್ಲಿ ಬಡಕಲಾಗಿ ಕಾಣುತ್ತಿದ್ದ. ಎದೆಯ ಮಟ್ಟ ನೀರಿಗೆ ನಡೆದೆವು. ಪಾಸ್ಟರ್ ಅವನ ಕತ್ತಿನ ಹಿಂದೆ ಒಂದು ಕೈ, ಹಣೆಯ ಮೇಲೆ ಒಂದು ಕೈ ಇಟ್ಟರು. ಫಿಲಿಮೋನ್ ಆ ವಯಸ್ಸಿನಲ್ಲೂ ಮೊಣಕಾಲು ಮಟ್ಟ ನೀರಲ್ಲಿ ನಿಂತು ನೋಡುತ್ತಿದ್ದರು. ನಾನು ತೂತಿನ ಮೇಲೆ ಅಂಗೈ ಒತ್ತಿದೆ. ನೀರು ತಣ್ಣಗಿತ್ತು, ಅಂಗೈಯ ಕೆಳಗೆ ಮಾತ್ರ ಬೆಚ್ಚಗೆ.

"ನಿನ್ನ ನಂಬಿಕೆಯ ಮೇಲೆ," ಎಂದು ಪಾಸ್ಟರ್ ಆರಂಭಿಸಿದರು. ಅಪ್ಪನನ್ನು ಹಿಂದಕ್ಕೆ ಬಾಗಿಸಿದರು. ಮುಖದ ಮೇಲೆ ನೀರು ಕೂಡಿಕೊಂಡಿತು.

ಒಂದು ಎಣಿಸಿದೆ. ಎರಡು ಎನ್ನುವಷ್ಟರಲ್ಲಿ ಅಪ್ಪನ ಬೆರಳುಗಳು ನನ್ನ ಕೈಯನ್ನು ಹುಡುಕಿ ಬಂದವು. ಹೆದರಿ ಹಿಡಿದುಕೊಳ್ಳುತ್ತಿದ್ದಾನೆ ಎಂದುಕೊಂಡೆ. ಆದರೆ ಅವು ಮೊದಲು ನನ್ನ ಕಿರುಬೆರಳಿನ ಕೆಳಗೆ ತೂರಿದವು, ಆಮೇಲೆ ಉಂಗುರದ ಬೆರಳು. ಸರಿ ಕೂರದ ಬಿಲ್ಲೆಯನ್ನು ಗಾರೆ ಕೆಡದಂತೆ ಎತ್ತುತ್ತಾನಲ್ಲ, ಹಾಗೆ, ಅವಸರವಿಲ್ಲದೆ ನನ್ನ ಅಂಗೈಯನ್ನು ಎತ್ತಿ ಪಕ್ಕಕ್ಕಿಟ್ಟ. ನಾನು ಮತ್ತೆ ಒತ್ತಲು ಹೋದೆ. ಅವನ ಹಿಡಿತ ಬಿಡಲಿಲ್ಲ. ನೀರೊಳಗೆ ಅವನ ಕಣ್ಣು ತೆರೆದೇ ಇತ್ತು. ಗುಳ್ಳೆಗಳು ಎದ್ದವು.

ಮೂರಕ್ಕೆ ಪಾಸ್ಟರ್ ಎತ್ತಿದರು. ದಡದಲ್ಲಿ ಹಾಡು ಶುರುವಾಗಿಹೋಗಿತ್ತು. ಅಪ್ಪನ ಕುತ್ತಿಗೆಯಿಂದ ನೀರು ಚಿಮ್ಮಿತು, ದೇಹ ಬಿಲ್ಲಿನಂತೆ ಬಾಗಿತು. ಹಾಡು ಒಬ್ಬೊಬ್ಬರ ಬಾಯಲ್ಲೇ ನಿಲ್ಲುತ್ತ ಬಂತು. ಅತ್ತೆ ಚೀರಿದ್ದು ಕೇಳಿಸಿತು: "ಕೈ ಯಾಕೆ ಬಿಟ್ಟೆ ಹುಡುಗಿ, ಕೈ ಯಾಕೆ ಬಿಟ್ಟೆ?"

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಎರಡೂ ಶ್ವಾಸಕೋಶಗಳಲ್ಲಿ ಸೋಂಕು. ಐದನೆಯ ದಿನ ಸ್ವಲ್ಪ ತಿಳಿಯಾಗಿದ್ದಾಗ ಕೇಳಿಯೇಬಿಟ್ಟೆ.

"ಯಾಕಪ್ಪಾ ಹಾಗೆ ಮಾಡ್ದೆ? ಸಾಯ್ಬೇಕು ಅಂತಿತ್ತಾ?"

ಜೋರಾಗಿ ತಲೆಯಾಡಿಸಿದ, ಇಲ್ಲ ಎಂದು. ಪೆನ್ಸಿಲ್ ಕೇಳಿದ. ಅಕ್ಷರಗಳು ಗೆರೆಯ ಮೇಲೆ ನಿಲ್ಲುತ್ತಿರಲಿಲ್ಲ. "ಒಣಗಿದ್ದು ಉಳೀಬಾರದು. ಆ ತೂತು ಸಿಗರೇಟಿಂದ ಆದದ್ದು. ಬೇಲಿ ಹತ್ರ ನಿಂತು. ಅದಕ್ಕೇ ಮೊದಲು ನೀರು ಬೇಕಿತ್ತು."

"ನೀನು ನಂಬಿದ್ದು ಸಾಕಾಗಿತ್ತಲ್ಲ ಅಪ್ಪಾ. ಪಾಸ್ಟರೂ ಹಾಗೇ ಹೇಳಿದ್ರಲ್ಲ."

ಪುಸ್ತಕವನ್ನು ಮತ್ತೆ ಎಳೆದುಕೊಂಡ. ಆಮೇಲೆ ಬರೆದ: "ಇಪ್ಪತ್ತಾರು ವರ್ಷ ಹೊರಗೆ ನಿಂತವನು ಸಾಕು ಅನ್ನೋ ಹಾಗಿಲ್ಲ." ಅದೇ ಅವನ ಕೊನೆಯ ಉದ್ದದ ವಾಕ್ಯ. ಆಮೇಲೆ ಬರೆದದ್ದೆಲ್ಲ 'ನೀರು', 'ದಿಂಬು', 'ಮನೆ'.

ಆ ಹಾಳೆಯನ್ನು ಹರಿದು ನನ್ನ ಡೈರಿಯೊಳಗೆ ಇಟ್ಟುಕೊಂಡೆ. ಯಾರಿಗೂ ತೋರಿಸಲಿಲ್ಲ.

ಅವನ ದೇಹವನ್ನು ಮನೆಗೆ ತಂದ ದಿನ ಸಂಜೆ ಸಭೆ ಸೇರಿತು. ಯಾವ ಸಾಲಿನಲ್ಲಿ ಹೂಳುವುದೆಂದು ಸಭೆಯೇ ತೀರ್ಮಾನಿಸಬೇಕು. ಫಿಲಿಮೋನ್ ಎದ್ದು ನಿಂತರು. ಹನ್ನೊಂದು ದಿನದಲ್ಲಿ ಇನ್ನಷ್ಟು ಮುದುಕರಾಗಿದ್ದರು.

"ನಾನು ನೀರಲ್ಲಿದ್ದೆ," ಎಂದರು. "ಕಣ್ಣು ಮಂಜು, ಆದ್ರೂ ಅವನ ಕೈ ಮೇಲೆ ಬಂದದ್ದು ಕಂಡ ಹಾಗಾಯ್ತು. ನಂಗೆ ನಿದ್ದೆ ಬರ್ತಿಲ್ಲ. ಒಂದು ಮಾತು ಕೇಳ್ಬೇಕು. ಗವ್ರಿಲ್ ತಾನಾಗೇ ಕೈ ತೆಗೆದಿದ್ರೆ ಅದು ತಾನೇ ಪ್ರಾಣ ತೆಕ್ಕೊಂಡ ಹಾಗೆ. ಅಂಥೋರಿಗೆ ಸಾಲಿನ ಹೊರಗೆ ಬೇಲಿ ಮೂಲೆ, ಅದು ನಮ್ಮ ಹಿರಿಯರು ಇಟ್ಟ ಕಟ್ಟು. ತಬಿತಾ ಹೇಳ್ಲಿ. ಅವಳೊಬ್ಬಳಿಗೇ ಗೊತ್ತು."

ಬೇಲಿ ಮೂಲೆ. ಮತ್ತೆ ಹೊರಗೆ, ಮತ್ತೆ ಬೇಲಿಯ ಹತ್ತಿರ.

ನಿಜ ಹೇಳಿದರೆ ಅದನ್ನು ಬಿಡಿಸಿ ಹೇಳಬೇಕಿತ್ತು. ಸಾಯುವುದಕ್ಕಲ್ಲ, ಪೂರ್ತಿ ತೋಯುವುದಕ್ಕೆ ಎಂದು. ಇಟ್ಟಿಗೆಯ ಕಥೆ, ಹಾಳೆ, ಬಾಗಿಲಲ್ಲಿ ಫಿಲಿಮೋನರೇ ಆಡಿದ ಮಾತು. ಆ ಮುದುಕರು ಅದನ್ನು ಹೊತ್ತುಕೊಂಡು ಮನೆಗೆ ಹೋಗಬೇಕಾಗುತ್ತಿತ್ತು. ಅಷ್ಟೆಲ್ಲ ಹೇಳುವ ನಾಲಿಗೆ ನನ್ನದಲ್ಲ, ಹೇಳಿದರೂ ಅರ್ಧ ಜನ ಕೈ ಅವನೇ ತೆಗೆದ ಎಂಬ ಮೊದಲ ವಾಕ್ಯಕ್ಕೇ ನಿಲ್ಲುತ್ತಿದ್ದರು. ಎದ್ದು ನಿಂತೆ. ಅದೇ ಮುಖಗಳು.

"ನನ್ನ ಕೈ ಜಾರ್ತು," ಎಂದೆ. ಫಿಲಿಮೋನರಿಗೆ ಕಿವಿ ಮಂದ ಎಂಬುದು ನೆನಪಾಗಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. "ನಂಗೆ ಚಳಿಯಾಯ್ತು. ಕೈ ಜಾರಿ ಹೋಯ್ತು. ಅವರು ನನ್ನ ಕೈ ಹುಡುಕ್ತಿದ್ರು."

ಯಾರೋ ಹೆಂಗಸು "ದೇವರೇ" ಎಂದಳು. ಫಿಲಿಮೋನ್ ಬೆಂಚಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡರು. ಅದು ಸಮಾಧಾನವೋ ಅಳುವೋ ತಿಳಿಯಲಿಲ್ಲ. ಪಾಸ್ಟರ್ ನೆಲ ನೋಡುತ್ತಿದ್ದರು. ಆ ಮಂದಿರದೊಳಗೆ ನಾನು ಎಲ್ಲರಿಗೂ ಕೇಳುವ ಹಾಗೆ ಆಡಿದ್ದು ಎರಡೇ ಮಾತು. ಮೊದಲನೆಯದು ನನ್ನದಾಗಿರಲಿಲ್ಲ.

ಅಪ್ಪನನ್ನು ಅಮ್ಮನ ಪಕ್ಕದಲ್ಲಿ ಹೂತೆವು. ಮಣ್ಣು ಮುಚ್ಚಿದ ಮೇಲೆ ಪಾಸ್ಟರ್ ನನ್ನ ಹತ್ತಿರ ಬಂದು ನಿಂತರು.

"ನನ್ನ ಕೈ ಅವರ ಕತ್ತಿನ ಹಿಂದೆ ಇತ್ತು ತಬಿತಾ," ಎಂದರು. "ಏನಾಯ್ತು ಅಂತ ನಂಗೆ ಗೊತ್ತಾಯ್ತು. ಆದ್ರೂ ನಿನ್ನೆ ಸುಮ್ನೆ ಇದ್ದುಬಿಟ್ಟೆ."

"ಅಪ್ಪನಿಗೆ ರಕ್ಷಣೆ ಆಯ್ತಾ?"

"ಆಪರೇಷನ್ ದಿನವೇ ಆಗಿತ್ತು, ಕರೆದಾಗಲೇ. ನೀರು ಅದಕ್ಕೊಂದು ಗುರುತು, ಅಷ್ಟೇ. ಅದನ್ನ ಅವರಿಗೆ ನಾಟೋ ಹಾಗೆ ಹೇಳ್ಬೇಕಿತ್ತು. ನಾನು ಹೇಳಿದ್ದು ಮೆತ್ತಗಾಯ್ತು." ಕೈಗಂಟಿದ ಮಣ್ಣು ಒರೆಸಿಕೊಳ್ಳುತ್ತ, "ನೀನು ಹೇಳಿದ ಸುಳ್ಳಿಗೂ ಕ್ಷಮೆ ಇದೆ" ಎಂದರು.

"ಅದು ನಂಬಿದೋರಿಗೆ ಅಲ್ವಾ ಪಾಸ್ಟರೇ?"

ಅವರು ಉತ್ತರಿಸುವಷ್ಟರಲ್ಲಿ ಅತ್ತೆ ಬಂದು ನನ್ನ ತೋಳು ಹಿಡಿದು ನಡೆಸಿಕೊಂಡು ಹೋದಳು. ಮನೆಯ ಬಾಗಿಲಲ್ಲಿ ನನ್ನ ಬಲಗೈಯನ್ನು ತಿರುಗಿಸಿ ನೋಡಿ, "ಈ ಕೈ ಜಾರೋ ಕೈ ಅಲ್ಲ" ಎಂದಳು. ನಾನು ಕೈ ಎಳೆದುಕೊಂಡೆ.

ಈಗ ನವೆಂಬರ್. ಅಪ್ಪ ಕಟ್ಟಿದ ಒಲೆಯಲ್ಲಿ ಬೆಂಕಿ ಹಾಕುತ್ತೇನೆ, ಎಲ್ಲೂ ಬಿರುಕು ಬಿಟ್ಟಿಲ್ಲ. ಸಭೆಯವರು ಕೆಟ್ಟವರಲ್ಲ, ಸೂಪು ಕಳಿಸುತ್ತಾರೆ. ಆದರೆ ಮಕ್ಕಳನ್ನು ಎತ್ತಿಕೊಂಡ ಹೆಂಗಸರು ನಾನು ಪಕ್ಕದಲ್ಲಿ ಕುಳಿತರೆ ಮಗುವನ್ನು ನನ್ನ ಕೈಯಿಂದ ದೂರ ಇನ್ನೊಂದು ಮಗ್ಗುಲಿಗೆ ಬದಲಾಯಿಸುತ್ತಿದ್ದರು, ತಮಗೇ ಅರಿವಿಲ್ಲದೆ. ಅದಕ್ಕೇ ನಾನು ಒಳಗೆ ಹೋಗುವುದನ್ನು ಬಿಟ್ಟೆ. ಭಾನುವಾರ ಬೆಳಿಗ್ಗೆ ಕೋಟು ಹಾಕಿಕೊಂಡು ಹೋಗಿ ಹೊರಗೆ ಬೇಲಿಗೊರಗಿ ನಿಲ್ಲುತ್ತೇನೆ, ಹುಲ್ಲು ಬೆಳೆಯದ ಆ ಜಾಗದಲ್ಲೇ. ಅಲ್ಲಿಂದ ಹಾಡು ಚೆನ್ನಾಗಿ ಕೇಳಿಸುತ್ತದೆ. ಮಾತು ಕೇಳಿಸುವುದಿಲ್ಲ. ಕೊನೆಯ ಹಾಡು ಮುಗಿದು ಬಾಗಿಲು ತೆರೆಯುವ ಮೊದಲೇ ಮನೆಗೆ ಹೊರಡುತ್ತೇನೆ.